ಕಾಪುವಿನಲ್ಲಿ ಕೂತು ಜೀವಕೋಶದ ಚಿತ್ರ ಬರೆಯುವ ಕೆಲಸ: ಮೊದಲ ಮೇಲ್‌ನಿಂದ ಹಣ ಕೈಸೇರುವವರೆಗೆ

ಕಳೆದ ವಾರ ಬ್ಯಾಂಕಿನಿಂದ ಮೆಸೇಜ್ ಬಂತು. ಅಮೆರಿಕದ ಒಂದು ಸಂಶೋಧನಾ ತಂಡಕ್ಕೆ ಮಾಡಿಕೊಟ್ಟ ಚಿತ್ರಗಳ ಹಣ ಕೊನೆಗೂ ಜಮೆ ಆಗಿತ್ತು. ಅವರಿಗೆ ಮೊದಲ ಮೇಲ್ ಹಾಕಿದ್ದು ಹೋದ ಮಳೆಗಾಲಕ್ಕೂ ಮುಂಚೆ. ನಡುವೆ ಆದದ್ದೆಲ್ಲ ಮರೆತುಹೋಗುವ ಮೊದಲು ಬರೆದಿಡುತ್ತಿದ್ದೇನೆ, ಯಾಕೆಂದರೆ ಈ ದಾರಿಯಲ್ಲಿ ಕೇಳಿ ತಿಳಿದುಕೊಳ್ಳಲು ನನಗೆ ಯಾರೂ ಇರಲಿಲ್ಲ. ಮಣಿಪಾಲ, ಕೊಣಾಜೆ, ದೇರಳಕಟ್ಟೆಯ ಲ್ಯಾಬುಗಳಲ್ಲಿ ಪುಸ್ತಕದ ಅಂಚಿನಲ್ಲಿ ಮೈಟೋಕಾಂಡ್ರಿಯಾ ಬರೆಯುತ್ತಾ ಕೂರುವ ಮಕ್ಕಳನ್ನು ನಾನು ನೋಡಿದ್ದೇನೆ. ಇದು ಅವರಿಗೆ.

ನಾನು ಕೊಣಾಜೆಯಲ್ಲಿ ಎಂಎಸ್ಸಿ ಮುಗಿಸಿದವಳು. ಆಮೇಲೆ ಒಂದು ಲ್ಯಾಬಿನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದೆ. ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದವರ ಥೀಸಿಸ್‌ಗೆ, ಪೋಸ್ಟರ್‌ಗೆ ಫಿಗರ್ ಮಾಡಿಕೊಡುವುದು ತಾನಾಗಿಯೇ ನನ್ನ ಪಾಲಿಗೆ ಬಂತು. ಅನುದಾನ ಮುಗಿದು ಪ್ರಾಜೆಕ್ಟ್ ನಿಂತಾಗ ಮನೆಯಲ್ಲಿ ಬಿಎಡ್ ಮಾಡು ಎಂದರು. ಅದು ಕೆಟ್ಟ ಸಲಹೆ ಆಗಿರಲಿಲ್ಲ. ಆದರೆ ಮೈಕ್ರೋಸ್ಕೋಪಿನಲ್ಲಿ ಕಾಣದ್ದನ್ನು ಕಾಗದದ ಮೇಲೆ ಕಾಣಿಸುವ ಕೆಲಸ ನನ್ನನ್ನು ಹಿಡಿದುಬಿಟ್ಟಿತ್ತು. ಒಂದು ವರ್ಷ ಸಮಯ ಕೊಡಿ ಎಂದು ಅಪ್ಪನನ್ನು ಕೇಳಿಕೊಂಡೆ.

ಇದನ್ನು ಕಲಿಸುವ ಜಾಗಗಳು ಲೋಕದಲ್ಲಿ ಇವೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮ್ಯಾಕ್ಸ್ ಬ್ರೋಡೆಲ್ 1911ರಲ್ಲೇ ವೈದ್ಯಕೀಯ ಚಿತ್ರಕಲೆಗೆ ವಿಭಾಗ ಕಟ್ಟಿದರು. ಆ ಫೀಸು ನಮ್ಮ ಮನೆಗೆ ಆಗುವಂಥದ್ದಲ್ಲ. ಹಾಗಾಗಿ ಕಲಿಕೆಯನ್ನು ತುಂಡು ತುಂಡಾಗಿ ಜೋಡಿಸಿಕೊಂಡೆ. ಶನಿವಾರ ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಮಂಗಳೂರಿಗೆ ಹೋಗಿ ಒಬ್ಬ ಡ್ರಾಯಿಂಗ್ ಮೇಷ್ಟ್ರ ಹತ್ತಿರ ಪೆನ್ಸಿಲ್ ಶೇಡಿಂಗ್ ಕಲಿತೆ. ಅವರು ನನ್ನನ್ನು ಅಲೋಶಿಯಸ್ ಚಾಪೆಲ್‌ಗೆ ಕಳಿಸುತ್ತಿದ್ದರು. ಆಂಟೋನಿಯೋ ಮೋಸ್ಕೇನಿ 1899ರಿಂದ 1901ರವರೆಗೆ ಆ ಗೋಡೆ, ಸೂರುಗಳ ಮೇಲೆ ಬರೆದ ಚಿತ್ರಗಳಲ್ಲಿ ಒಂದೇ ಒಂದು ಮೈಯ ತಿರುವನ್ನು ನೋಡಿ, ಹೊರಗೆ ಬಂದು ನೆನಪಿನಿಂದ ಬರೆಯಬೇಕು. ಚಪ್ಪಟೆ ಗೋಡೆ ಹೇಗೆ ಉಬ್ಬುತ್ತದೆ ಎನ್ನುವುದು ಅಲ್ಲಿ ಅರ್ಥವಾಯಿತು. ಮುಂದೆ ಪ್ರೋಟೀನಿನ ಮೇಲ್ಮೈ ಬರೆಯುವಾಗ ಆ ಅಭ್ಯಾಸ ನೇರವಾಗಿ ಉಪಯೋಗಕ್ಕೆ ಬಂತು.

ವಿಜ್ಞಾನದ ಕಡೆಯಿಂದ ನನ್ನ ಗುರು ಎಂದರೆ ಡೇವಿಡ್ ಗುಡ್‌ಸೆಲ್. ಅವರನ್ನು ಭೇಟಿಯಾದವಳಲ್ಲ, ಚಿತ್ರಗಳನ್ನು ಮಾತ್ರ ಕಂಡವಳು. ಅವರು ಸ್ವತಃ ವಿಜ್ಞಾನಿ. ಕೋಶದ ಒಳಭಾಗವನ್ನು ಜಲವರ್ಣದಲ್ಲಿ ಬರೆಯುತ್ತಾರೆ. ಪ್ರೋಟೀನುಗಳ ಮೂರು ಆಯಾಮದ ರಚನೆಗಳನ್ನು ಕೂಡಿಟ್ಟಿರುವ ಭಂಡಾರವಾದ ಪ್ರೋಟೀನ್ ಡೇಟಾ ಬ್ಯಾಂಕಿಗಾಗಿ 2000ದ ಜನವರಿಯಿಂದ ಎಷ್ಟೋ ವರ್ಷ ತಿಂಗಳಿಗೊಂದು ಅಣುವಿನ ಚಿತ್ರ, ವಿವರಣೆ ಕೊಟ್ಟರು. ಪಠ್ಯಪುಸ್ತಕದ ಕೋಶದಲ್ಲಿ ನಾಲ್ಕಾರು ಅಂಗಕಗಳು ಖಾಲಿ ನೀರಿನಲ್ಲಿ ತೇಲುತ್ತಿರುತ್ತವೆ. ನಿಜವಾದ ಕೋಶ ಹಾಗಿಲ್ಲ. ಪರ್ಯಾಯದ ರಾತ್ರಿ ಉಡುಪಿಯ ರಥಬೀದಿ ಹೇಗಿರುತ್ತದೋ ಹಾಗೆ, ಕಾಲಿಡಲು ಜಾಗವಿಲ್ಲದಂತೆ ಪ್ರೋಟೀನು, ಆರ್‌ಎನ್‌ಎ, ರೈಬೋಸೋಮುಗಳು ತುಂಬಿರುತ್ತವೆ. ಗುಡ್‌ಸೆಲ್ ಅದನ್ನು ಅಳತೆಗೆ ಸರಿಯಾಗಿ ಬರೆದು ತೋರಿಸಿದರು. ಅವರ ಒಂದೊಂದು ಚಿತ್ರ ಇಟ್ಟುಕೊಂಡು ಇದರಲ್ಲಿ ಯಾವುದು ಯಾವ ಅಣು ಎಂದು ಗುರುತಿಸುತ್ತಾ ಕೂರುವುದೇ ನನ್ನ ತರಗತಿಯಾಯಿತು.

ಖರ್ಚಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ದೊಡ್ಡ ಖರ್ಚು ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್, ಲಕ್ಷದ ಹತ್ತಿರ ಹೋಯಿತು. ಅಮ್ಮನ ಚೀಟಿಯ ಹಣ ಅದಕ್ಕೇ ಹೋಯಿತು. ಪೆನ್ ಟ್ಯಾಬ್ಲೆಟ್ ಐದು ಸಾವಿರದೊಳಗಿನದೇ ಸಾಕು, ಪರದೆ ಇರುವ ದುಬಾರಿಯದಕ್ಕೆ ಮೊದಲ ವರ್ಷ ಆಸೆಪಡಬೇಡಿ. ಸಾಫ್ಟ್‌ವೇರ್‌ಗೆ ಹೆಚ್ಚು ಖರ್ಚಿಲ್ಲ. ಮೂರು ಆಯಾಮದ ಚಿತ್ರಕ್ಕೆ ಬ್ಲೆಂಡರ್, ಬಣ್ಣ ಹಚ್ಚಲು ಕ್ರಿಟಾ, ಗೆರೆಚಿತ್ರಕ್ಕೆ ಇಂಕ್‌ಸ್ಕೇಪ್, ಮೂರೂ ಉಚಿತ. ಬ್ಲೆಂಡರ್ ಒಳಗೆ ಪ್ರೋಟೀನಿನ ರಚನೆಗಳನ್ನು ನೇರವಾಗಿ ತೆರೆಯುವ ಮಾಲಿಕ್ಯುಲರ್ ನೋಡ್ಸ್ ಎಂಬ ಸೇರ್ಪಡೆಯೂ ಉಚಿತ. ಕಡೆಗಣಿಸುವ ಹಾಗಿಲ್ಲದ ಒಂದು ವಿಷಯ ಇದೆ. ಲ್ಯಾಬುಗಳಲ್ಲಿ ಎಲ್ಲರೂ ಬಳಸುವ ಕೈಮೆರಾ ಎಕ್ಸ್ ಎಂಬ ಸಾಫ್ಟ್‌ವೇರ್ ವಾಣಿಜ್ಯೇತರ ಕೆಲಸಕ್ಕೆ ಮಾತ್ರ ಉಚಿತ. ಹಣ ತೆಗೆದುಕೊಂಡು ಚಿತ್ರ ಮಾಡುವಾಗ ಲೈಸೆನ್ಸ್ ಷರತ್ತು ಬೇರೆ. ವಿದ್ಯಾರ್ಥಿಯಾಗಿದ್ದಾಗ ಬಳಸಿದ್ದನ್ನೆಲ್ಲ ಕಸುಬಿಗೂ ಬಳಸಬಹುದು ಎಂದುಕೊಳ್ಳದೆ, ಒಂದೊಂದರ ಲೈಸೆನ್ಸ್ ಪುಟ ಓದಿ.

ಕಚ್ಚಾ ಸಾಮಗ್ರಿ ಮಾತ್ರ ಧಾರಾಳವಾಗಿ ಸಿಗುತ್ತದೆ. ಪ್ರೋಟೀನ್ ಡೇಟಾ ಬ್ಯಾಂಕ್ 1971ರಲ್ಲಿ ಶುರುವಾದಾಗ ಅದರಲ್ಲಿದ್ದದ್ದು 7 ರಚನೆಗಳು. ಈಗ ಎರಡು ಲಕ್ಷಕ್ಕಿಂತ ಹೆಚ್ಚಿವೆ, ಎಲ್ಲವೂ ಯಾರಿಗೂ ಮುಕ್ತ. ಕಾಪುವಿನ ನಮ್ಮ ಮನೆಯ ಚಾವಡಿಯಲ್ಲಿ ಕೂತ ನನಗೂ ಬೋಸ್ಟನ್ನಿನಲ್ಲಿ ಕೂತವರಿಗೂ ಸಿಗುವುದು ಅದೇ ಫೈಲು. ಈ ಸಮಾನತೆ ನನಗೆ ಎಷ್ಟು ಧೈರ್ಯ ಕೊಟ್ಟಿತು ಎಂದರೆ, ಅದೊಂದು ಇಲ್ಲದಿದ್ದರೆ ನಾನು ಈ ಕೆಲಸಕ್ಕೆ ಇಳಿಯುತ್ತಲೇ ಇರಲಿಲ್ಲ.

ಆಮೇಲೆ ಮೇಲ್ ಹಾಕುವ ಕಾಲ. ಬಯೋಆರ್ಕೈವ್ ಎಂಬ ಜಾಲತಾಣದಲ್ಲಿ ಹೊಸದಾಗಿ ಬಂದ ಪ್ರೀಪ್ರಿಂಟ್, ಅಂದರೆ ಜರ್ನಲ್‌ನಲ್ಲಿ ಅಚ್ಚಾಗುವ ಮೊದಲೇ ಹಾಕಿದ ಸಂಶೋಧನಾ ಲೇಖನ, ಓದಿ, ಅದರ ಮುಖ್ಯ ವಿಚಾರಕ್ಕೆ ಒಂದು ಪೆನ್ಸಿಲ್ ಸ್ಕೆಚ್ ಮಾಡಿ, ಲೇಖಕರಿಗೆ ಕಳಿಸುತ್ತಿದ್ದೆ. ವಾರಗಟ್ಟಲೆ ಉತ್ತರ ಇಲ್ಲ. ಬೆಳಿಗ್ಗೆ ಎದ್ದು ಮೊದಲು ಫೋನ್ ನೋಡುವುದು, ಏನೂ ಇಲ್ಲದೆ ಕೆಳಗಿಡುವುದು. ಮನೆಗೆ ಬಂದ ನೆಂಟರು "ಈಗ ಎಂತ ಮಾಡ್ತಾ ಇದ್ದಿ?" ಎಂದು ಕೇಳಿದರೆ ಅಮ್ಮ ನನಗಿಂತ ಮೊದಲು ಉತ್ತರ ಕೊಡುತ್ತಿದ್ದರು, "ಕಂಪ್ಯೂಟರ್ ಕೆಲಸ." ಆ ದಿನಗಳು ನಿಜಕ್ಕೂ ಭಾರವಾಗಿದ್ದವು. ನಡುವೆ ಥೀಸಿಸ್ ಫಿಗರ್‌ಗಳು ಕೈಖರ್ಚಿಗೆ ಆದವು. ಒಂದು ಕೋಚಿಂಗ್ ಸಂಸ್ಥೆ ನನ್ನಿಂದ ನೀಟ್ ಪುಸ್ತಕಕ್ಕೆ ಕೋಶವಿಭಜನೆಯ ಚಿತ್ರಗಳನ್ನು ಮಾಡಿಸಿ, ಅರ್ಧ ಹಣ ಕೊಟ್ಟು, ಚಿತ್ರಗಳನ್ನು ಬೇರೆ ಮೂರು ಕಡೆ ಬಳಸಿಕೊಂಡಿತು. ಕೇಳಿದ್ದಕ್ಕೆ "ದುಡ್ಡು ಕೊಟ್ಟ ಮೇಲೆ ನಮ್ಮದೇ ಅಲ್ವಾ?" ಎಂದರು.

ಆ ಪ್ರಶ್ನೆ ನನ್ನನ್ನು ಕಾನೂನು ಓದುವಂತೆ ಮಾಡಿತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಬರೆದವರೇ ಮೊದಲ ಮಾಲೀಕರು. ಆದರೆ ಹಣ ಕೊಟ್ಟು ಬರೆಸಿದ ಪೇಂಟಿಂಗ್, ಭಾವಚಿತ್ರದಂಥವುಗಳಿಗೆ ವಿನಾಯಿತಿ ಇದೆ: ಬೇರೆ ಕರಾರು ಇಲ್ಲದಿದ್ದರೆ ಬರೆಸಿದವರೇ ಮಾಲೀಕರಾಗುತ್ತಾರೆ. ಹಾಗಾಗಿ ಹಕ್ಕು ಯಾರದ್ದು ಎಂಬ ಒಂದು ಸಾಲು ಕೆಲಸ ಶುರುವಾಗುವ ಮೊದಲೇ ಕಾಗದದಲ್ಲಿ ಇರಲೇಬೇಕು. ಹಕ್ಕು ಬಿಟ್ಟುಕೊಡುವುದಾದರೂ 19ನೇ ಸೆಕ್ಷನ್ ಪ್ರಕಾರ ಅದು ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ 5 ವರ್ಷ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಲೆಕ್ಕ. ಉಡುಪಿಯ ಒಬ್ಬ ವಕೀಲರು ಸಣ್ಣ ಫೀಸಿಗೆ ಎರಡು ಪುಟದ ಕರಾರು ಮಾಡಿಕೊಟ್ಟರು. ಇಡೀ ವರ್ಷದಲ್ಲಿ ನಾನು ಮಾಡಿದ ಅತಿ ಒಳ್ಳೆಯ ಖರ್ಚು ಅದು.

ಮಳೆ ಜೋರಾಗಿದ್ದ ಒಂದು ಸಂಜೆ ಅಮೆರಿಕದ ಆ ತಂಡದಿಂದ ಉತ್ತರ ಬಂತು. ನರಕೋಶದ ಒಳಗಿನ ಸಾಗಾಟದ ಬಗ್ಗೆ ಒಂದು ವಿಮರ್ಶಾ ಲೇಖನ ಬರೆಯುತ್ತಿದ್ದೇವೆ, ನಿಮ್ಮ ಸ್ಕೆಚ್ ಇಷ್ಟವಾಯಿತು, ಮಾತಾಡೋಣ ಎಂದು. ನಾನು ಫೋನ್ ಹಿಡಿದುಕೊಂಡು ಅಂಗಳದವರೆಗೆ ಹೋಗಿ ಬಂದೆ, ಮಳೆಯಲ್ಲಿ ನೆನೆದದ್ದು ಆಮೇಲೆ ಗೊತ್ತಾಯಿತು.

ಆದರೆ ಕೆಲಸ ಶುರುವಾಗಲು ಇನ್ನೂ ತಿಂಗಳುಗಳು ಹಿಡಿದವು. ಅವರ ವಿಶ್ವವಿದ್ಯಾಲಯ ನನ್ನನ್ನು ಸರಬರಾಜುದಾರಳು ಎಂದು ನೋಂದಾಯಿಸಬೇಕಿತ್ತು. ಕರಾರಿನಲ್ಲಿ ಮೂರು ವಿಷಯಕ್ಕೆ ನಾನು ಹಟ ಹಿಡಿದೆ: ಎರಡು ಸುತ್ತಿನ ತಿದ್ದುಪಡಿ ಮಾತ್ರ ಬೆಲೆಯಲ್ಲಿ ಸೇರಿದೆ, ಪೆನ್ಸಿಲ್ ಸ್ಕೆಚ್ ಒಪ್ಪಿದ ಮೇಲೆ ವಿಜ್ಞಾನದ ನಿಲುವು ಬದಲಾದರೆ ಬೇರೆ ದರ, ಮತ್ತು ಚಿತ್ರದ ಕೆಳಗೆ ನನ್ನ ಹೆಸರು. ಲೇಖನ ಮುಕ್ತ ಪ್ರವೇಶದ ಜರ್ನಲ್‌ಗೆ ಹೋಗುವುದಾಗಿತ್ತು. ಅಂಥ ಕಡೆ ಚಿತ್ರವೂ ಸಾಮಾನ್ಯವಾಗಿ ಸಿಸಿ ಬೈ ಪರವಾನಗಿಯಡಿ ಪ್ರಕಟವಾಗುತ್ತದೆ, ಎಂದರೆ ಹೆಸರು ಹೇಳಿ ಯಾರು ಬೇಕಾದರೂ, ಲಾಭಕ್ಕೂ, ಬಳಸಬಹುದು. ಅದೇ ಚಿತ್ರವನ್ನು ಮುಂದೆ ಇನ್ನೊಬ್ಬರಿಗೆ ಮಾರುವ ದಾರಿ ಹೆಚ್ಚುಕಡಿಮೆ ಮುಚ್ಚಿದಂತೆ. ದರ ಹೇಳುವ ಮೊದಲು ಯಾವ ಪರವಾನಗಿ ಎಂದು ಕೇಳಿ.

ಈಗ ಚಿತ್ರದ ವಿಷಯಕ್ಕೆ ಬರುತ್ತೇನೆ. ಬರೆಯಬೇಕಿದ್ದದ್ದು ಒಂದು ಆಕ್ಸಾನ್, ಅಂದರೆ ನರಕೋಶದಿಂದ ಹೊರಡುವ ಉದ್ದನೆಯ ಎಳೆ, ಅದರ ಒಳಗಿನ ನೋಟ. ಮೈಕ್ರೋಟ್ಯೂಬ್ಯೂಲ್ ಎಂಬ ಕೊಳವೆಯಂಥ ಹಳಿ, ಅದರ ಮೇಲೆ ಸರಕಿನ ಚೀಲ ಹೊತ್ತು ನಡೆಯುವ ಕೈನೆಸಿನ್ ಪ್ರೋಟೀನ್. ಕೈನೆಸಿನ್ ಪತ್ತೆಯಾದದ್ದು 1985ರಲ್ಲಿ, ಸ್ಕ್ವಿಡ್‌ನ, ಅಂದರೆ ನಮ್ಮ ಬೊಂಡಾಸದ, ದಪ್ಪ ಆಕ್ಸಾನಿನ ಮೇಲೆ ಮಾಡಿದ ಪ್ರಯೋಗಗಳಲ್ಲಿ. ಅದು ಕೋಶದ ಇಂಧನವಾದ ಎಟಿಪಿಯ ಒಂದು ಅಣು ಖರ್ಚು ಮಾಡಿ 8 ನ್ಯಾನೋಮೀಟರ್ ಹೆಜ್ಜೆ ಇಡುತ್ತದೆ, ಸೆಕೆಂಡಿಗೆ ಸುಮಾರು ನೂರು ಹೆಜ್ಜೆ.

ಮೈಕ್ರೋಟ್ಯೂಬ್ಯೂಲ್ ಸುಲಭ ಎಂದು ಕಾಣುತ್ತದೆ. 25 ನ್ಯಾನೋಮೀಟರ್ ವ್ಯಾಸ, ಸಾಮಾನ್ಯವಾಗಿ 13 ಸಾಲುಗಳು. ಪ್ರತಿ ಸಾಲಿನಲ್ಲಿ ಆಲ್ಫಾ ಮತ್ತು ಬೀಟಾ ಟ್ಯುಬ್ಯುಲಿನ್ ಎಂಬ ಎರಡು ಬಗೆಯ ಪ್ರೋಟೀನ್ ಮಣಿಗಳು ಒಂದಾದ ಮೇಲೆ ಒಂದು. ನಿಜವಾದ ಕಷ್ಟ ಸಾಲುಗಳನ್ನು ಪಕ್ಕಪಕ್ಕ ಜೋಡಿಸುವಾಗ. ಒಂದು ಸಾಲು ಪಕ್ಕದ ಸಾಲಿಗಿಂತ 0.9 ನ್ಯಾನೋಮೀಟರ್‌ನಷ್ಟು ಜಾರಿ ಕೂರುತ್ತದೆ. 13 ಸಾಲು ಸುತ್ತಿ ಬರುವಷ್ಟರಲ್ಲಿ ಆ ಜಾರುವಿಕೆ ಸೇರಿ ಮೂರು ಮಣಿಗಳಷ್ಟು, ಅಂದರೆ 12 ನ್ಯಾನೋಮೀಟರ್ ಆಗುತ್ತದೆ. ಮೂರು ಬೆಸ ಸಂಖ್ಯೆಯಾದ್ದರಿಂದ ಒಂದು ಕಡೆ ಆಲ್ಫಾದ ಪಕ್ಕ ಆಲ್ಫಾ ಬರದೆ ಬೀಟಾ ಬರುತ್ತದೆ. ಉಳಿದೆಲ್ಲ ಕಡೆ ಆಲ್ಫಾ ಪಕ್ಕ ಆಲ್ಫಾ. ಆ ಒಂದು ಉದ್ದನೆಯ ಹೊಲಿಗೆಯನ್ನು ಬ್ಲೆಂಡರ್‌ನಲ್ಲಿ ಸರಿಯಾಗಿ ಕೂರಿಸಿ, ಸುರುಳಿ ಎಡಗೈ ಕಡೆಗೆ ತಿರುಗುತ್ತಿದೆಯೇ ಎಂದು ನೋಡಿ ಮುಗಿಸುವಾಗ ಬೆಳಕು ಹರಿದಿತ್ತು. ಹಣ ಕೊಟ್ಟು ಕೊಳ್ಳುವ ರೆಡಿಮೇಡ್ ಚಿತ್ರಗಳಲ್ಲಿ ಚದುರಂಗದ ಹಾಸಿನಂತೆ ಬಣ್ಣ ಬದಲಿಸಿ ಬರೆದಿರುವುದನ್ನು ನೋಡಿದಾಗ ಈಗ ಕಣ್ಣಿಗೆ ಚುಚ್ಚುತ್ತದೆ.

ಕೈನೆಸಿನ್‌ನದು ಬೇರೆಯೇ ತೊಡಕು. ಅದರ ಕಾಲುಗಳ ರಚನೆ ಡೇಟಾ ಬ್ಯಾಂಕಿನಲ್ಲಿ ಚೆನ್ನಾಗಿ ಸಿಗುತ್ತದೆ. ಆದರೆ ಇಡೀ ಅಣು ಸುಮಾರು 80 ನ್ಯಾನೋಮೀಟರ್ ಉದ್ದ, ನಡುವಿನ ಹುರಿ ಬಾಗಬಲ್ಲದ್ದು, ಒಂದೇ ಭಂಗಿಯಲ್ಲಿ ನಿಲ್ಲುವುದಲ್ಲ. ಪ್ರೋಟೀನಿನ ರಚನೆಯನ್ನು ಊಹಿಸುವ ಎಐ ಆದ ಆಲ್ಫಾಫೋಲ್ಡ್ ಇದೆಯಲ್ಲ ಎಂದು ಕೇಳುತ್ತಾರೆ. ಅದನ್ನು ಕಟ್ಟಿದ ಹಸಾಬಿಸ್ ಮತ್ತು ಜಂಪರ್ 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಪಡೆದವರು, ಅದರ ಸಾಮರ್ಥ್ಯದ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಅದು ಊಹಿಸಿದ ರಚನೆಯ ಪ್ರತಿ ಭಾಗಕ್ಕೂ ತನಗೆಷ್ಟು ಭರವಸೆ ಇದೆ ಎಂದು ಅಂಕವನ್ನೂ ಕೊಡುತ್ತದೆ. ಭರವಸೆ ಕಡಿಮೆ ಇರುವ ಭಾಗಗಳು ಬಿಡಿ ದಾರದಂತೆ ಸುತ್ತಿಕೊಂಡಿರುತ್ತವೆ. ಅದನ್ನು ಹಾಗೆಯೇ ಹೊಳಪು ಕೊಟ್ಟು ರೆಂಡರ್ ಮಾಡಿದರೆ, ಅಂದರೆ ಕಂಪ್ಯೂಟರಿನಿಂದ ಅಂತಿಮ ಚಿತ್ರವಾಗಿ ತೆಗೆದರೆ, ನೋಡುವವರು ಅದೂ ಕಂಡುಹಿಡಿದ ಸತ್ಯ ಎಂದೇ ನಂಬುತ್ತಾರೆ. ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಎನಿಸುವುದು ಇದೇ ಜಾಗ. ಚಿತ್ರ ಚೆಂದ ಇದ್ದಷ್ಟೂ ಅದಕ್ಕೆ ನಂಬಿಸುವ ಶಕ್ತಿ ಹೆಚ್ಚು, ಹಾಗಾಗಿ ಯಾವುದಕ್ಕೆ ಆಧಾರ ಇದೆ, ಯಾವುದು ಊಹೆ ಎಂದು ಚಿತ್ರದೊಳಗೇ ಬೇರೆ ಮಾಡಿ ತೋರಿಸುವುದು ನಮ್ಮ ಹೊಣೆ. ನಾನು ಪ್ರಯೋಗದಿಂದ ಗೊತ್ತಾದ ಭಾಗಗಳನ್ನು ಗಟ್ಟಿ ಮೇಲ್ಮೈಯಾಗಿ, ಉಳಿದದ್ದನ್ನು ಮಸುಕಾದ, ಅಂಚಿಲ್ಲದ ರೂಪದಲ್ಲಿ ಬರೆದೆ. ಪ್ರತಿಯೊಂದಕ್ಕೂ ಯಾವ ರಚನೆ, ಯಾವ ಪೇಪರ್ ಆಧಾರ ಎಂದು ಒಂದು ಎಕ್ಸೆಲ್ ಹಾಳೆಯನ್ನೂ ಇಟ್ಟೆ. ಆ ಹಾಳೆ ಮುಂದೆ ನನ್ನನ್ನು ಉಳಿಸಿತು.

ಯಾಕೆಂದರೆ ಇಬ್ಬರು ಲೇಖಕರಿಗೆ ತಮ್ಮೊಳಗೇ ಒಮ್ಮತ ಇರಲಿಲ್ಲ. ಒಂದು ಚೀಲಕ್ಕೆ ಎಷ್ಟು ಕೈನೆಸಿನ್ ಹಿಡಿದುಕೊಂಡಿರಬೇಕು, ಹಿಂದಕ್ಕೆ ಎಳೆಯುವ ಡೈನೀನ್ ಅದೇ ಚೀಲದ ಮೇಲೆ ಕಾಣಬೇಕೇ ಎಂದು ಮೇಲ್ ಮೇಲೆ ಮೇಲ್. ಮಾತಿನಲ್ಲಿ 'ಕೆಲವು' ಎಂದು ಬರೆದು ದಾಟಬಹುದು, ಚಿತ್ರದಲ್ಲಿ ಎರಡೋ ಮೂರೋ ಎಂದು ಬರೆಯಲೇಬೇಕು. ಹೀಗೆ ಚಿತ್ರವೇ ಅವರ ಭಿನ್ನಾಭಿಪ್ರಾಯವನ್ನು ಹೊರಗೆ ತಂದಿತು. ನನ್ನ ಹಾಳೆ ನೋಡಿಕೊಂಡು ಅವರೇ ಕೂತು ತೀರ್ಮಾನಿಸಿದರು. ಇಂಥಲ್ಲಿ ನೀವು ತೀರ್ಪು ಕೊಡಲು ಹೋಗಬೇಡಿ, ಆದರೆ ಕೇಳದೆ ಸುಮ್ಮನೂ ಇರಬೇಡಿ.

ಬಣ್ಣದ ಬಗ್ಗೆ ಎರಡು ಮಾತು. ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ ಸುಮಾರು 400ರಿಂದ 700 ನ್ಯಾನೋಮೀಟರ್. ಇಷ್ಟು ಸಣ್ಣ ಅಣು ಬೆಳಕಿಗೆ ಹೀಗೆ ಕಾಣುವುದೇ ಇಲ್ಲ, ಆದ್ದರಿಂದ ಬಣ್ಣವೆಲ್ಲ ನಮ್ಮ ಆಯ್ಕೆ. ಆಯ್ಕೆ ನಮ್ಮದೇ ಆದ ಮೇಲೆ, ಕೆಂಪು-ಹಸಿರು ಬೇರೆ ಮಾಡಿ ನೋಡಲಾಗದವರಿಗೂ ಅರ್ಥವಾಗುವಂತೆ ಮೆಜೆಂಟಾ-ಹಸಿರು ಅಥವಾ ನೀಲಿ-ಕಿತ್ತಳೆ ತೆಗೆದುಕೊಳ್ಳುವುದು ಒಳ್ಳೆಯದು.

ರೆಂಡರ್ ಕಾಲಕ್ಕೆ ಸರಿಯಾಗಿ ನಮ್ಮ ಕಡೆಯ ಗುಡುಗು-ಸಿಡಿಲು ಶುರು. ಇಡೀ ರಾತ್ರಿ ಓಡಬೇಕಾದ ರೆಂಡರ್ ನಡುವೆ ಕರೆಂಟ್ ಹೋಗುತ್ತದೆ, ಸಿಡಿಲಿಗೆ ಮೋಡೆಮ್ ಪ್ಲಗ್ ತೆಗೆಯಬೇಕು. ಚಿತ್ರವನ್ನು ಪದರ ಪದರವಾಗಿ ಒಡೆದು, ಒಂದೊಂದನ್ನೂ ಬೇರೆ ಬೇರೆ ರೆಂಡರ್ ಮಾಡಿ ಕೊನೆಗೆ ಜೋಡಿಸುವ ಕ್ರಮ ನನಗೆ ಈ ಕಾರಣಕ್ಕೇ ರೂಢಿಯಾಯಿತು. ಕರಾವಳಿಯಲ್ಲಿ ಈ ಕೆಲಸಕ್ಕೆ ಇಳಿಯುವವರು ಯುಪಿಎಸ್‌ಗೆ ಹಣ ಎತ್ತಿಡಿ.

ಲೇಖನ ವಿಮರ್ಶಕರ ಹತ್ತಿರ ಹೋಗಿ ಬರುವ ತನಕ ಮತ್ತೆ ದೀರ್ಘ ಕಾಯುವಿಕೆ. ಬಂದಾಗ ಜರ್ನಲ್‌ನವರಿಂದ ಎರಡು ಹೊಸ ಬೇಡಿಕೆ. ಒಂದು, ಚಿತ್ರದಲ್ಲಿ ಎಐ ಬಳಸಿಲ್ಲ ಎಂದು ಘೋಷಣೆ. ಇದು ನ್ಯಾಯವೇ. 2024ರ ಫೆಬ್ರವರಿಯಲ್ಲಿ ಎಐ ಬರೆದ, ಅರ್ಥವಿಲ್ಲದ ಅಕ್ಷರಗಳ ಇಲಿಯ ಚಿತ್ರ ಒಂದು ಕೋಶವಿಜ್ಞಾನ ಜರ್ನಲ್‌ನಲ್ಲಿ ಅಚ್ಚಾಗಿ, ಕೆಲವೇ ದಿನಗಳಲ್ಲಿ ಆ ಲೇಖನವನ್ನೇ ಹಿಂದಕ್ಕೆ ತೆಗೆದುಕೊಂಡಿದ್ದರು. ನೇಚರ್ ಪತ್ರಿಕೆ 2023ರಲ್ಲೇ ಅಂಥ ಚಿತ್ರಗಳಿಗೆ ಬಾಗಿಲು ಹಾಕಿತ್ತು. ಮೊದಲ ಪೆನ್ಸಿಲ್ ಗೆರೆಯಿಂದ ಕೊನೆಯವರೆಗಿನ ನನ್ನ ಫೈಲುಗಳೆಲ್ಲ ದಿನಾಂಕ ಸಮೇತ ಇದ್ದದ್ದರಿಂದ ಘೋಷಣೆಯ ಜೊತೆ ಅವನ್ನೂ ಕಳಿಸಿದೆ. ನೀವೂ ಹಂತ ಹಂತವಾಗಿ ಉಳಿಸಿಡಿ.

ಎರಡನೆಯದು ನಾನು ನಿರೀಕ್ಷಿಸದ್ದು. ಪುಟದ ವಿನ್ಯಾಸಕ್ಕೆ ಹೊಂದುವುದಿಲ್ಲ, ಚಿತ್ರವನ್ನು ಎಡದಿಂದ ಬಲಕ್ಕೆ ಮಗುಚಿ ಹಾಕುತ್ತೇವೆ ಎಂದರು. ಕಂಪ್ಯೂಟರಿನಲ್ಲಿ ಅದು ಒಂದು ಕ್ಲಿಕ್. ಆದರೆ ಕನ್ನಡಿಯಲ್ಲಿ ನೋಡಿದಂತೆ ಮಗುಚಿದರೆ ಮೈಕ್ರೋಟ್ಯೂಬ್ಯೂಲಿನ ಎಡಗೈ ಸುರುಳಿ ಬಲಗೈ ಆಗುತ್ತದೆ, ಪ್ರೋಟೀನಿನ ಬಲಗೈ ಸುರುಳಿ ಎಡಗೈ ಆಗುತ್ತದೆ. ಅಂಥ ಅಣು ಯಾವ ಜೀವಿಯಲ್ಲೂ ಇಲ್ಲ. ಡಿಎನ್‌ಎ ಎಷ್ಟೋ ಪೋಸ್ಟರುಗಳಲ್ಲಿ ಎಡಗೈ ಸುರುಳಿಯಾಗಿ ಕಾಣುವುದಕ್ಕೆ ಹೀಗೆ ಮಗುಚುವುದೂ ಒಂದು ಕಾರಣ. ನಾನು ಒಪ್ಪಲಿಲ್ಲ. ಕ್ಯಾಮೆರಾವನ್ನು ಕೊಳವೆಯ ಆಚೆ ಬದಿಗೆ ಕೊಂಡುಹೋಗಿ, ಬೆಳಕು ಹೊಸದಾಗಿ ಕೂರಿಸಿ, ಎಲ್ಲ ಪದರಗಳನ್ನೂ ಮತ್ತೆ ರೆಂಡರ್ ಮಾಡಿದೆ. ಮಗುಚಬಾರದು ಎಂಬ ಸಾಲು ಈಗ ನನ್ನ ಕರಾರಿನಲ್ಲಿ ಇದೆ.

ಫೈಲಿನ ಅಳತೆ ಮೊದಲೇ ಕೇಳಿಕೊಳ್ಳಿ. ನೇಚರ್‌ನಂಥ ಕಡೆ ಒಂದು ಕಾಲಮ್ಮಿಗೆ 89 ಮಿಲಿಮೀಟರ್, ಎರಡಕ್ಕೆ 183, ಅಕ್ಷರ 5ರಿಂದ 7 ಪಾಯಿಂಟ್. ಪರದೆಯ ಮೇಲೆ ಭವ್ಯವಾಗಿ ಕಾಣುವುದು ಆ ಅಗಲಕ್ಕೆ ಇಳಿದಾಗ ಏನಾಗುತ್ತದೆ ಎಂದು ನೋಡಲು ನಾನು ಪ್ರತಿ ಹಂತದಲ್ಲೂ ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ನಿಜ ಅಳತೆಯ ಪ್ರಿಂಟ್ ತೆಗೆಸುತ್ತಿದ್ದೆ.

ಕೊನೆಯ ಘಟ್ಟ ಹಣದ್ದು, ಅತಿ ಹೆಚ್ಚು ತಲೆಬಿಸಿಯದ್ದೂ ಅದೇ. ಅಮೆರಿಕದ ಸಂಸ್ಥೆಗಳು ಡಬ್ಲ್ಯೂ-8ಬಿಇಎನ್ ಎಂಬ ಫಾರ್ಮ್ ಕೇಳುತ್ತವೆ. ನಾನು ಅಲ್ಲಿಯವಳಲ್ಲ ಎಂದು ತಿಳಿಸುವ ಕಾಗದ ಅದು, ಇಲ್ಲದಿದ್ದರೆ ಅಲ್ಲೇ ತೆರಿಗೆ ಹಿಡಿಯಬಹುದು. ಅದರಲ್ಲಿ ಪ್ಯಾನ್ ನಂಬರ್ ಬೇಕು, ಹೆಸರು ಬ್ಯಾಂಕಿನಲ್ಲಿ ಇರುವಂತೆಯೇ ಇರಬೇಕು. ನನ್ನ ಬ್ಯಾಂಕ್ ಖಾತೆಯಲ್ಲಿ ತಂದೆಯ ಹೆಸರು ಸೇರಿತ್ತು, ಪ್ಯಾನ್‌ನಲ್ಲಿ ಇನಿಷಿಯಲ್ ಮಾತ್ರ. ಅದನ್ನು ಸರಿಮಾಡಿಸುವ ತನಕ ಅಲ್ಲಿನ ಲೆಕ್ಕಪತ್ರ ವಿಭಾಗ ಕಡತವನ್ನೇ ಮುಟ್ಟಲಿಲ್ಲ. ಕೆಲಸಕ್ಕೆ ಇಳಿಯುವ ಮೊದಲೇ ನಿಮ್ಮ ಪ್ಯಾನ್, ಆಧಾರ್, ಪಾಸ್‌ಬುಕ್ ಪಕ್ಕಪಕ್ಕ ಇಟ್ಟು ನೋಡಿ.

ಹಣ ಹೊರಟ ಮೇಲೂ ಸ್ವಿಫ್ಟ್ ಎಂಬ ಅಂತರರಾಷ್ಟ್ರೀಯ ಬ್ಯಾಂಕ್ ಜಾಲದ ದಾರಿಯಲ್ಲಿ ನಡುವಿನ ಬ್ಯಾಂಕು ಸ್ವಲ್ಪ ಕಡಿತ ಮಾಡುತ್ತದೆ. ಆ ಶುಲ್ಕ ಕಳಿಸುವವರೇ ಭರಿಸಬೇಕು ಎಂದು ಇನ್‌ವಾಯ್ಸ್‌ನಲ್ಲಿ ಬರೆಯಿರಿ. ಇಲ್ಲಿನ ಶಾಖೆಯವರು ಹಣ ಯಾವ ಉದ್ದೇಶಕ್ಕೆ ಎಂದು ಕೋಡ್ ಕೇಳಿದರು, ಜೀವಕೋಶದ ಚಿತ್ರ ಎಂದದ್ದಕ್ಕೆ ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಕರಾರು, ಇನ್‌ವಾಯ್ಸ್, ಲೇಖನ ಸ್ವೀಕಾರವಾದ ಮೇಲ್ ಮೂರನ್ನೂ ಪ್ರಿಂಟ್ ಮಾಡಿ ಕೊಟ್ಟ ಮೇಲೆ ಮುಂದೆ ಹೋಯಿತು. ಹಣ ಬಂದ ಬಳಿಕ ವಿದೇಶಿ ಜಮೆಯ ಪ್ರಮಾಣಪತ್ರ ಕೇಳಿ ಪಡೆಯಿರಿ, ತೆರಿಗೆ ಕಡತಕ್ಕೆ ಬೇಕು. ಸೇವೆಗೆ ವರ್ಷದ ವಹಿವಾಟು 20 ಲಕ್ಷ ದಾಟದವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ ಎಂದು ನನ್ನ ಸಿಎ ಹೇಳಿದರು, ನಿಮ್ಮ ಪರಿಸ್ಥಿತಿಯನ್ನು ನಿಮ್ಮವರ ಹತ್ತಿರ ಕೇಳಿ. ಸಣ್ಣ ಉದ್ದಿಮೆಗಳಿಗಾಗಿ ಇರುವ ಉದ್ಯಮ್ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ, ಅದಕ್ಕೆ ಸಾವಿರಗಟ್ಟಲೆ ಕೇಳುವ ಏಜೆಂಟರಿಗೆ ಒಂದು ಪೈಸೆಯೂ ಕೊಡಬೇಡಿ.

ಬಂದ ಹಣದಿಂದ ಅಮ್ಮನ ಚೀಟಿ ತೀರಿಸಿದ್ದೇನೆ, ಉಳಿದದ್ದು ಮಳೆಗಾಲದ ಮೊದಲು ಯುಪಿಎಸ್‌ಗೆ. ಮುಂದಿನ ಕೆಲಸ ದಕ್ಷಿಣ ಕನ್ನಡದ್ದೇ ಒಂದು ಲ್ಯಾಬಿನದು, ಮೈಟೋಕಾಂಡ್ರಿಯಾದ ಒಳಪೊರೆಯ ಮಡಿಕೆಗಳ ಬಗ್ಗೆ. ಈ ಸಲ ಮೂರನೇ ಒಂದು ಭಾಗ ಹಣ ಸ್ಕೆಚ್‌ಗೆ ಮೊದಲೇ ಎಂದು ಕೇಳಿದೆ, ಒಪ್ಪಿ ಸಹಿ ಮಾಡಿ ಕಳಿಸಿದ್ದಾರೆ. ಸೋಮವಾರ ಅವರ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರಗಳು ಕೈಗೆ ಬರುತ್ತವೆ.